ಸೀಮೆಸುಣ್ಣದ ಗುರುತು

ನಮ್ಮ ಸೀಮೆಯಲ್ಲಿ ಮೋಟಾರು ವಾಹನ ನಿರೀಕ್ಷಕ ಅಂತ ಯಾರೂ ಅನ್ನುವುದಿಲ್ಲ. ತೆಲುಗಿನವರಿಗೂ ಕನ್ನಡದವರಿಗೂ ಅವರು ಬ್ರೇಕ್ ಇನ್‌ಸ್ಪೆಕ್ಟರ್. ಲೈಟು, ಹಾರ್ನು, ಟೈರು, ಕಾಗದಪತ್ರ ಎಲ್ಲವನ್ನೂ ನೋಡುವ ಅಧಿಕಾರಿಗೆ ಜನ ಬ್ರೇಕಿನ ಹೆಸರನ್ನೇ ಇಟ್ಟಿದ್ದಾರೆ. ಡಿ. ಹಿರೇಹಾಳಿನಲ್ಲಿ ಹುಟ್ಟಿ ಬೆಳೆದ ನಾನು ಆ ಹೆಸರನ್ನು ಸಾವಿರ ಸಲ ಕೇಳಿದ್ದೆ. ಅದರಲ್ಲಿ ಎಷ್ಟು ತಿಳಿವಳಿಕೆ ಇದೆ ಎಂದು ಗೊತ್ತಾದದ್ದು 1996ರ ಬೇಸಿಗೆಯಲ್ಲಿ, ನನ್ನ ಹದಿನಾರನೇ ವಯಸ್ಸಿನಲ್ಲಿ.

ಹತ್ತನೇ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ಅವ್ವನ ತಮ್ಮ, ನಮ್ಮ ಮಾಮ, ಒಂದು ಹಳೇ ಟಾಟಾ ಲಾರಿ ಇಟ್ಟಿದ್ದ. ಶೇಂಗಾ ಸುಗ್ಗಿಯಲ್ಲಿ ಬಳ್ಳಾರಿಯ ಎಣ್ಣೆ ಮಿಲ್ಲುಗಳಿಗೆ ಚೀಲ, ಉಳಿದ ದಿನಗಳಲ್ಲಿ ಸಿಮೆಂಟು, ಇಟ್ಟಿಗೆ, ಬಾಡಿಗೆ ಕುದುರಿದರೆ ಸಂಡೂರು ಕಡೆಯ ಅದಿರು. ನಮಗೆ ಬಳ್ಳಾರಿ ಅರ್ಧ ಗಂಟೆಯ ದಾರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಆಂಧ್ರಕ್ಕೆ ಬಂತು. ಅಂದಿನಿಂದ ನಮ್ಮ ಮನೆಮಾತು ಕನ್ನಡ, ಸಂತೆ ಆಸ್ಪತ್ರೆ ಬೀಗರು ಎಲ್ಲ ಬಳ್ಳಾರಿ, ಸರ್ಕಾರಿ ಕಾಗದ ಮಾತ್ರ ತೆಲುಗಿನದು. ಮಾಮನ ಲಾರಿಯ ಕಥೆಯೂ ಅದೇ. ನಂಬರು ಆಂಧ್ರದ್ದು, ದುಡಿಮೆ ಕರ್ನಾಟಕದಲ್ಲಿ.

"ರಿಸಲ್ಟ್ ಬರೋತನ ಮನೇಲಿ ಕೂತು ಏನ್ ಮಾಡ್ತೀಯಲೇ? ಮೇಸ್ತ್ರಿ ಹತ್ರ ಹೋಗು, ಸ್ಪ್ಯಾನರ್ ನಂಬರಾದ್ರೂ ಕಲ್ತ್ಕೊ" ಅಂತ ಮಾಮನೇ ಕರೆದುಕೊಂಡು ಹೋಗಿ ಬಿಟ್ಟ.

ಬಳ್ಳಾರಿ ದಾರಿಯ ಪಕ್ಕದಲ್ಲಿ ಒಂದು ಬೇವಿನ ಮರ, ಒಂದು ತಗಡಿನ ಚಪ್ಪರ, ಗಾಡಿಯ ಕೆಳಗಿಳಿದು ಕೆಲಸ ಮಾಡಲು ತೋಡಿದ ಗುಂಡಿ. ನೆಲ ಆಯಿಲ್ ಕುಡಿದು ಕುಡಿದು ಕಪ್ಪಗೆ ಗಟ್ಟಿಯಾಗಿತ್ತು. ಮೇಸ್ತ್ರಿ ನಾಲ್ಕನೇ ಕ್ಲಾಸು ಓದಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವರು. ಅವರ ಪ್ರಾಮಾಣಿಕತೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೊಸ ಸಾಮಾನು ಹಾಕಿದರೆ ಬಿಚ್ಚಿದ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಗಾಡಿಯವರ ಕೈಗೆ ಕೊಡುತ್ತಿದ್ದರು. ಉಳಿದ ಎರಡು ನಟ್ಟೂ ಅದರ ಜೊತೆಗೇ. ಕೆಲಸವಿಲ್ಲದ ಕಡೆ ಕೆಲಸ ಹುಟ್ಟಿಸಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. "ಇದಕ್ಕೇನೂ ಆಗಿಲ್ಲ ಹೋಗಪ್ಪ, ಬರೀ ಕೇಬಲ್ ಸಡ್ಲ ಆಗೈತೆ" ಅಂತ ಕಾಸು ತಗೊಳ್ಳದೆ ಕಳಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಗುಂಡಿಗಿಳಿದು ಗಾಡಿಯ ಹೊಟ್ಟೆಯನ್ನೆಲ್ಲ ಮುಟ್ಟಿ ನೋಡಿದ ಮೇಲೆ, ಚಾಸಿಯ ಒಳಮೈಯಲ್ಲಿ, ಗಾಲಿಯ ಹತ್ತಿರ, ಗುರುತು ಹಾಕುತ್ತಿದ್ದರು. ಒಂದು ಗೆರೆ ಎಳೆದರೆ ಕಣ್ಣಿಟ್ಟಿರು ಎಂದು. ಎರಡು ಗೆರೆಯೆಂದರೆ ಬೇಗ ಬದಲಾಯಿಸು. ಗುಣಿಸುವ ಚಿಹ್ನೆ ಹಾಕಿದರೆ ಲೋಡು ಹೊತ್ತು ಇಳಿಜಾರಿಗೆ ಹೋಗಲೇಬೇಡ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಕಾಗದದಾಗೆ ಬರೆದ್ರೆ ಮಾಲೀಕರಿಗೆ ಸಿಟ್ಟು, ಬಾಯಾಗೆ ಹೇಳಿದ್ರೆ ಡ್ರೈವರಿಗೆ ಮರೆವು" ಅಂದರು. ನಮ್ಮ ಕಡೆಯ ಡ್ರೈವರುಗಳಿಗೆ ಆ ಗುರುತು ಗೊತ್ತಿತ್ತು. ಬೆಳಿಗ್ಗೆ ಗಾಡಿ ಎಬ್ಬಿಸುವ ಮುಂಚೆ ಕೆಳಗೆ ಬಗ್ಗಿ ನೋಡಿ, ಯಾವ ಗೇರಿನಲ್ಲಿ ಹೋಗಬೇಕು ಎಂದು ಅಂದಾಜು ಮಾಡಿಕೊಳ್ಳುತ್ತಿದ್ದರು.

ನನ್ನ ಬದುಕಿನಲ್ಲಿ ನಾನು ಕಂಡ ಅತ್ಯಂತ ನಂಬಿಕೆಯ ತಪಾಸಣೆ ಅದು. ಅದಕ್ಕೆ ಸೀಲು ಇರಲಿಲ್ಲ, ನಂಬರಿರಲಿಲ್ಲ, ಫೀಸೂ ಇರಲಿಲ್ಲ.

ಮೇ ತಿಂಗಳಲ್ಲಿ ಮಾಮನ ಲಾರಿಯ ಎಫ್‌ಸಿ ಮುಗಿಯುವುದಿತ್ತು. ಬಾಡಿಗೆಗೆ ಓಡುವ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದಿದ್ದರೆ ಅದರ ನೋಂದಣಿಯೇ ಇಲ್ಲದಂತೆ ಎಂದು ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಹೇಳುತ್ತದೆ. ಹೊಸ ಗಾಡಿಗೆ ಎರಡು ವರ್ಷ, ಆಮೇಲೆ ಆಗಿನ ನಿಯಮದಂತೆ ವರ್ಷವರ್ಷವೂ ಮಾಡಿಸಬೇಕು. ಎಫ್‌ಸಿ ಅಂದರೆ ಗ್ಯಾರೇಜಿನಲ್ಲಿ ಒಂದು ಸಣ್ಣ ಜಾತ್ರೆ. ಮದುವೆಗೆ ಹೆಣ್ಣು ತಯಾರಾದ ಹಾಗೆ ಲಾರಿ ತಯಾರಾಗುತ್ತಿತ್ತು. ಪೇಂಟರು ಬಂದು ಬಂಪರಿಗೆ ಹಳದಿ, ಬಾಗಿಲಿಗೆ ಹೊಸ ಅಕ್ಷರ, ಹೆಡ್‌ಲೈಟಿನ ಗಾಜಿಗೆ ಕಪ್ಪು ಬಳಿದ. ಎಲ್ಲಿಂದಲೋ ಬೆಂಕಿ ನಂದಿಸುವ ಸಿಲಿಂಡರು ಬಂತು. ಪ್ರಥಮ ಚಿಕಿತ್ಸೆಯ ಡಬ್ಬಿ ಬಂತು, ಅದರೊಳಗಿನ ಬಾಟಲಿ ಖಾಲಿ. ಸಂಜೆಯ ಹೊತ್ತಿಗೆ ಒಂದು ಟ್ರಾಲಿಯಲ್ಲಿ ಆರು ಟೈರು ಬಂದವು. ನಾನು ಮುಟ್ಟಿ ನೋಡಿದೆ, ಎಲ್ಲ ಹೊಸದು, ಬೆರಳು ಹೂತು ಹೋಗುವಷ್ಟು ಪಟ್ಟಿ.

"ಮಾಮ ಹೊಸ ಟೈರು ತಗೊಂಡ್ನಾ?" ಅಂದೆ.

"ಬಾಡಿಗೆ ಟೈರು. ನಾಳೆ ಸಂಜೆ ವಾಪಸ್ ಕೊಡ್ಬೇಕು. ಜಾಕಿ ತಾ" ಅಂದರು ಮೇಸ್ತ್ರಿ.

ರಾತ್ರಿ ಹನ್ನೊಂದರವರೆಗೆ ಬೋಳು ಟೈರು ಬಿಚ್ಚಿ ಬಾಡಿಗೆಯವನ್ನು ತೊಡಿಸಿದೆವು. ಆಮೇಲೆ ಬ್ರೇಕಿಗೆ ಬಂದರು. ಹಿಂದಿನ ಎಡಗಾಲಿಯ ಲೈನಿಂಗ್ ಸವೆದು ರಿವಿಟ್ಟಿನ ತಲೆ ಕಾಣುವಷ್ಟಾಗಿತ್ತು. ಅಲ್ಲಿ ಚಾಸಿಯ ಮೇಲೆ ಅವರದೇ ಗುಣಿಸುವ ಚಿಹ್ನೆ ಮೂರು ವಾರದಿಂದ ಇತ್ತು. ಮಾಮನಿಗೂ ಗೊತ್ತಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟು ಶೇಂಗಾ ಹೋಗಿತ್ತು, ಬಾಡಿಗೆ ಇರಲಿಲ್ಲ, ಫೈನಾನ್ಸಿನ ಎರಡು ಕಂತು ಬಾಕಿ ಇತ್ತು. "ಒಂದು ಟ್ರಿಪ್ ಆಗ್ಲಿ ಮೇಸ್ತ್ರಿ, ನಾಲ್ಕೂ ಗಾಲಿ ಲೈನಿಂಗ್ ಹೊಸದು ಹಾಕ್ಸಿಬಿಡಾಣ" ಅಂದ. ಸುಳ್ಳು ಹೇಳಲಿಲ್ಲ, ಹಾಕಿಸುವ ಮನಸ್ಸೇ ಅವನಿಗಿತ್ತು. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಡ್ಜಸ್ಟರಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರು. ಸವೆದ ಲೈನಿಂಗನ್ನೂ ಹಾಗೆ ಡ್ರಮ್ಮಿನ ಹತ್ತಿರ ತಳ್ಳಿಬಿಟ್ಟರೆ, ಖಾಲಿ ಗಾಡಿ, ಸಪಾಟು ನೆಲ, ಒಂದು ಸಲ ಬ್ರೇಕ್ ಒತ್ತಿದರೆ ಕಚ್ಚಿ ಹಿಡಿದು ನಿಲ್ಲುತ್ತದೆ. ಹತ್ತು ಟನ್ನು ಹೇರಿ ಗುಡ್ಡ ಇಳಿಯುವಾಗ, ಒತ್ತಿ ಒತ್ತಿ ಡ್ರಮ್ಮು ಕಾದಾಗ, ಅದೇ ಲೈನಿಂಗು ಜಾರತೊಡಗುತ್ತದೆ.

"ಗಾಡಿ ಚೆನ್ನಾಗಿ ತೊಳಿ" ಅಂತ ನನಗೆ ಹೇಳಿ ಮಲಗಲು ಹೋದರು.

ಡೀಸೆಲ್ಲು ಹಾಕಿ ಉಜ್ಜಿದೆ, ಸೋಪು ಹಾಕಿ ತೊಳೆದೆ. ಆಮೇಲೆ ಬ್ಯಾಟರಿ ಹಿಡಿದು ಕೆಳಗೆ ಬಗ್ಗಿದಾಗ ಆ ಬಿಳಿ ಗುರುತು ಕಂಡಿತು. ನೀರು ಅಲ್ಲಿಯ ತನಕ ಹೋಗಿರಲಿಲ್ಲ. ನಾಳೆ ಇನ್‌ಸ್ಪೆಕ್ಟರ್ ಬಗ್ಗಿ ನೋಡಿ ಇದೇನೆಂದು ಕೇಳಿದರೆ ಮಾಮನ ಗತಿ ಏನು ಅನ್ನಿಸಿತು. ಕಾಟನ್ ವೇಸ್ಟ್ ತಗೊಂಡು ಒರೆಸಿಬಿಟ್ಟೆ. ನನಗೆ ಯಾರೂ ಅದನ್ನು ಹೇಳಿರಲಿಲ್ಲ. ಒರೆಸಿ, ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಲಾರಿಯ ಕ್ಯಾಬಿನ್ನಿನಲ್ಲೇ ನಿದ್ದೆ ಹೋದೆ.

ಬೆಳಿಗ್ಗೆ ನಾನೂ ಜೊತೆಗೆ ಹೋದೆ. ದೂರದ ಊರು, ಒಂದು ಬಯಲು. ನಮ್ಮ ಮುಂದೆ ಮೂವತ್ತಕ್ಕೂ ಹೆಚ್ಚು ಗಾಡಿ ಸಾಲಾಗಿ ನಿಂತಿದ್ದವು. ಇದ್ದದ್ದು ಒಬ್ಬರೇ ಅಧಿಕಾರಿ, ನೆತ್ತಿಯ ಮೇಲೆ ಮೇ ತಿಂಗಳ ಬಿಸಿಲು. ಅವರು ಹಣ ಕೇಳಿದ್ದನ್ನಾಗಲಿ ಯಾರಾದರೂ ಕೊಟ್ಟದ್ದನ್ನಾಗಲಿ ನಾನು ನೋಡಲಿಲ್ಲ. ಚಾಸಿ ನಂಬರು ನೋಡಿದರು, ಲೈಟು ಹಾಕಿಸಿದರು, ಹಾರ್ನು ಒತ್ತಿಸಿದರು, ಟೈರಿಗೆ ಬೂಟಿನಿಂದ ತಟ್ಟಿದರು. "ಮುಂದಕ್ಕೆ ತಗೊಂಡು ಬ್ರೇಕ್ ಹಾಕು" ಅಂದರು. ಡ್ರೈವರು ಇಪ್ಪತ್ತು ಅಡಿ ಓಡಿಸಿ ಪೆಡಲು ತುಳಿದ. ಲಾರಿ ಧೂಳೆಬ್ಬಿಸಿ ಗಕ್ಕನೆ ನಿಂತಿತು. ಅಷ್ಟೇ. ಐದು ನಿಮಿಷವೂ ಹಿಡಿಯಲಿಲ್ಲ. ಅವರ ಕೈಯಲ್ಲಿ ಅಳೆಯುವ ಯಂತ್ರ ಒಂದೂ ಇರಲಿಲ್ಲ. ಒಬ್ಬ ಮನುಷ್ಯನ ಕಣ್ಣು, ಅದರ ಎದುರಿಗೆ ಮೂವತ್ತು ಗ್ಯಾರೇಜುಗಳ ಒಂದು ರಾತ್ರಿಯ ಕೈಚಳಕ. ಯಾವ ಕಣ್ಣು ಗೆದ್ದೀತು?

ಸಂಜೆ ವಾಪಸ್ ಬಂದಾಗ ಬಾಡಿಗೆ ಟೈರಿನವನು ಕಾಯುತ್ತಿದ್ದ. ಅವನ್ನು ಬಿಚ್ಚಿ ನಮ್ಮವನ್ನು ಹಾಕಿ, ಜಾಮ್ ಆಗಬಾರದೆಂದು ಅಡ್ಜಸ್ಟರನ್ನು ಸಡಿಲಿಸಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಮಾಮನಿಗೆ ಅದಿರಿನ ಬಾಡಿಗೆ ಸಿಕ್ಕಿತ್ತು. ನಮ್ಮ ಡ್ರೈವರಿಗೆ ಮನೆಯಲ್ಲಿ ಯಾವುದೋ ಕಾರ್ಯ, ಅವನ ಜಾಗಕ್ಕೆ ಬೇರೆ ಊರಿನ ಆಕ್ಟಿಂಗ್ ಡ್ರೈವರ್ ಬಂದ. ಬೆಳಗಿನ ಜಾವ ಅವನು ಪದ್ಧತಿಯಂತೆ ಗಾಡಿಯ ಸುತ್ತ ಒಂದು ಸುತ್ತು ಬಂದು ಕೆಳಗೆ ಬಗ್ಗಿ ನೋಡಿದ್ದನ್ನು ಕ್ಲೀನರ್ ಹುಡುಗ ಆಮೇಲೆ ನನಗೆ ಹೇಳಿದ. ನೋಡಿದ್ದಾನೆ, ಏನೂ ಗುರುತಿಲ್ಲ. ಮೇಲೆ ನಿನ್ನೆ ತಾನೆ ಸಿಕ್ಕ ಎಫ್‌ಸಿ.

ಸಂಡೂರು ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಕ್ಲೀನರ್ ನನ್ನ ವಯಸ್ಸಿನವನು, ನಮ್ಮೂರಿನವನೇ. ಗಾಲಿಗೆ ಕೊಡುವ ಕಟ್ಟಿಗೆಯ ತುಂಡು ಹಿಡಿದು ಹಾರಿದ. ಕ್ಲೀನರುಗಳಿಗೆ ಮೊದಲ ದಿನ ಕಲಿಸುವ ಕೆಲಸ ಅದು. ಕಟ್ಟಿಗೆ ಕೊಟ್ಟ. ಲಾರಿ ಅದನ್ನು ಹತ್ತಿ ದಾಟಿ, ಮುಂದೆ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಯಾರೂ ಸಾಯಲಿಲ್ಲ. ಹುಡುಗನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ಆಸ್ಪತ್ರೆಯಲ್ಲಿ ಮಾಮ ನೆಲದ ಮೇಲೆ ಕೂತು ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆಮೇಲೆ ಬಂದ ವಿಮೆಯವರು ಮೊದಲು ಕೇಳಿದ್ದೇ ಎಫ್‌ಸಿ. ದಿನಾಂಕ ಸರಿಯಾಗಿತ್ತು. ಕಾಗದ ಸರಿಯಾಗಿದ್ದರಿಂದಲೇ ಪರಿಹಾರದ ಹಣ ಹೆಚ್ಚು ತಕರಾರಿಲ್ಲದೆ ಆ ಹುಡುಗನಿಗೆ ಸಿಕ್ಕಿತು, ಅದರಲ್ಲಿ ಅವನು ಬಸ್ ನಿಲ್ದಾಣದ ಹತ್ತಿರ ಚಹಾದ ಅಂಗಡಿ ಹಾಕಿದ. ಅವನ ಕಾಲು ತೆಗೆದದ್ದೂ ಅವನಿಗೆ ಅನ್ನ ಕೊಟ್ಟದ್ದೂ ಅದೇ ಸುಳ್ಳು ಕಾಗದ. ಈ ಗಂಟನ್ನು ಬಿಡಿಸಲು ನಾನು ಬಹಳ ವರ್ಷ ಹೆಣಗಿದ್ದೇನೆ, ಬಿಡಿಸಲು ಬಂದಿಲ್ಲ.

ಜೂನಿನಲ್ಲಿ ಕಾಲೇಜು ಸೇರುವ ಮುಂಚೆ ಮೇಸ್ತ್ರಿಯನ್ನು ಕೇಳಿದೆ: "ನಿಮಗೆ ಗೊತ್ತಿತ್ತಲ್ಲ, ಆಗಲ್ಲ ಅಂತ ಮಾಮನಿಗೆ ಯಾಕೆ ಹೇಳ್ಲಿಲ್ಲ?" ಅವರು ಒಂದು ಗಾದೆ ಹೇಳಿದರು. ಉಂಡ ಮನೆಗೆ ಎರಡು ಬಗೆಯಬಾರದು. "ನಿಮ್ಮ ಮಾಮನ ಗಾಡಿಯಿಂದ ನಮ್ಮನೆ ಒಲೆ ಹತ್ತೈತೆ. ನಾನು ಆಗಲ್ಲ ಅಂದ್ರೆ ಬಳ್ಳಾರೀಲಿ ಇನ್ನೊಬ್ಬ ಆಗ್ತೈತೆ ಅಂತಾನೆ. ಗಾಡಿ ಅಲ್ಲಿಗೆ ಹೋಗ್ತೈತೆ. ಆಮೇಲೆ ಅದರ ಕೆಳಗೆ ಬಗ್ಗಿ ಗುರುತು ಹಾಕೋರು ಯಾರು?"

ಆಗ ಅದು ತಪ್ಪಿಸಿಕೊಳ್ಳುವ ಮಾತು ಅನ್ನಿಸಿತ್ತು. ವಯಸ್ಸಾದಂತೆ ಅದರಲ್ಲಿ ಇರುವುದೆಲ್ಲ ಕಾಣತೊಡಗಿತು. ಮೇಸ್ತ್ರಿ ನಿಯತ್ತಿನ ಮನುಷ್ಯ. ಆ ನಿಯತ್ತೆಲ್ಲ ಗಾಡಿಯ ಮಾಲೀಕನಿಗೆ ಸೇರಿತ್ತು, ಅದು ಅವರ ಕಸುಬಿನ ಧರ್ಮ. ಎದುರಿನಿಂದ ಸೈಕಲ್ಲಿನಲ್ಲಿ ಬರುವವನು, ಗಾಲಿಗೆ ಕಟ್ಟಿಗೆ ಕೊಡುವ ಹುಡುಗ, ಇವರ ಮನೆಯಲ್ಲಿ ಅವರು ಉಂಡಿರಲಿಲ್ಲ. ಗ್ಯಾರೇಜನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ರಿಪೇರಿಗೆ ಕಣ್ಣು ಮುಚ್ಚಿ ನಂಬುವಂಥ ಕೈಗೇ, ಗಾಡಿ ರಸ್ತೆಗೆ ಇಳಿಯಬಹುದೋ ಬಾರದೋ ಎಂದು ತೀರ್ಪು ಕೊಡುವ ಕೆಲಸ ಒಪ್ಪಿಸಬಾರದು. ಎಷ್ಟು ಒಳ್ಳೆಯ ಕೈಯಾದರೂ ಸರಿ, ಒಳ್ಳೆಯ ಕೈಯಾದಷ್ಟೂ ಒಪ್ಪಿಸಬಾರದು.

ಮೇಷ್ಟ್ರಾದ ಮೇಲೆ ಒಮ್ಮೆ 1988ರ ಕಾಯ್ದೆಯ ಪುಸ್ತಕ ಕೈಗೆ ಸಿಕ್ಕಿತು. ಹುಡುಕಿದ್ದು 56ನೇ ಕಲಮನ್ನೇ. ಅಧಿಕೃತ ತಪಾಸಣಾ ಕೇಂದ್ರ ಎಂದರೆ ಏನೆಂದು ಅಲ್ಲಿ ಬರೆದಿದ್ದರು. ಸರ್ವಿಸ್ ಸ್ಟೇಷನ್ ಆಗಬಹುದು, ಸರ್ಕಾರಿ ಇಲ್ಲವೇ ಖಾಸಗಿ ಗ್ಯಾರೇಜೂ ಆಗಬಹುದು. ನಡೆಸುವವನ ಅನುಭವ, ತರಬೇತಿ, ಸಾಮರ್ಥ್ಯ, ಅಲ್ಲಿನ ಉಪಕರಣ, ಕೆಲಸಗಾರರು ಇವನ್ನು ನೋಡಿ ರಾಜ್ಯ ಸರ್ಕಾರ ಆರಿಸಬೇಕು. ಓದಿ ಪುಸ್ತಕ ಮಡಚಿಟ್ಟೆ. ಅನುಭವ, ಸಾಮರ್ಥ್ಯ ಎರಡೂ ನಮ್ಮ ಮೇಸ್ತ್ರಿಗೆ ಬೇಕಾದಷ್ಟಿತ್ತು. ನಡೆಸುವವನ ಒಲೆ ಯಾರ ದುಡ್ಡಿನಿಂದ ಹತ್ತುತ್ತದೆ ಎಂದು ನೋಡಿ ಅಂತ ಮಾತ್ರ ಕಾಯ್ದೆಯಲ್ಲಿ ಬರೆದಿರಲಿಲ್ಲ.

ಅದಾದ ಮೇಲೆ ನಮ್ಮ ರಸ್ತೆಗೆ ಅದಿರಿನ ಕಾಲ ಬಂತು. ಓಬಳಾಪುರಂ ನಮ್ಮ ಡಿ. ಹಿರೇಹಾಳ್ ಮಂಡಲದ್ದೇ ಊರು. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಂತೆ ಇಲ್ಲಿ ಹಗಲು ರಾತ್ರಿ ಟಿಪ್ಪರು. ಶಾಲೆಯ ಗೋಡೆ ಕೆಂಪು, ಬೇವಿನ ಎಲೆ ಕೆಂಪು, ಮಕ್ಕಳ ಬಿಳಿ ಅಂಗಿ ಕೆಂಪು. ಶೇಂಗಾ ಬಿಟ್ಟು ಹೊಲ ಅಡವಿಟ್ಟು ಟಿಪ್ಪರು ತಂದವರು ಎಷ್ಟೋ ಜನ. ಬೇವಿನ ಮರದ ಕೆಳಗಿನ ಒಂದು ಗುಂಡಿ ಮೂರಾಯಿತು, ದಾರಿಯುದ್ದಕ್ಕೂ ಹೊಸ ಗ್ಯಾರೇಜುಗಳು ಎದ್ದವು. ಬಾಡಿಗೆ ಟೈರಿನವನ ವ್ಯಾಪಾರವೂ ಏರಿತು. ಮೇಸ್ತ್ರಿಯ ಸೀಮೆಸುಣ್ಣ ಮಾತ್ರ ಆ ಭರಾಟೆಯಲ್ಲಿ ನಿಂತುಹೋಯಿತು. ಡ್ರೈವರುಗಳೆಲ್ಲ ದೂರದೂರದ ರಾಜ್ಯದವರು, ಗುರುತು ಓದುವವರೇ ಉಳಿದಿರಲಿಲ್ಲ. 2009ರ ಕೊನೆಗೆ ಆಂಧ್ರ ಸರ್ಕಾರ ಓಬಳಾಪುರಂ ಗಣಿಗಾರಿಕೆ ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೂ ನಿಲ್ಲಿಸಿತು. ಟಿಪ್ಪರುಗಳು ಹೊಲದಂಚಿನಲ್ಲಿ ಸಾಲುಸಾಲಾಗಿ ನಿಂತವು. ಬಹುಪಾಲಿನ ಕ್ಯಾಬಿನ್ನಿನಲ್ಲಿ ಚಾಲ್ತಿಯಲ್ಲಿರುವ ಎಫ್‌ಸಿ ಇತ್ತು.

2015ರ ಜನವರಿಯಲ್ಲಿ ಮಡಕಶಿರದಿಂದ ಪೆನುಕೊಂಡಕ್ಕೆ ಹೊರಟ ಬಸ್ಸು ದಾರಿಯಲ್ಲಿ ಉರುಳಿತು, ಸತ್ತವರಲ್ಲಿ ಓದಲು ಹೊರಟ ಮಕ್ಕಳೇ ಬಹಳ. ಮರುದಿನ ನಮ್ಮ ಶಾಲೆಯ ಕೋಣೆಯಲ್ಲಿ ಮೇಷ್ಟ್ರುಗಳೆಲ್ಲ ರಸ್ತೆಯ ಬಗ್ಗೆ, ಜನ ತುಂಬಿದ್ದರ ಬಗ್ಗೆ ಮಾತಾಡುತ್ತಿದ್ದರು. ನಾನು ಮಾತಾಡಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು, ಹತ್ತು ಹನ್ನೆರಡು ಮಕ್ಕಳನ್ನು ತುಂಬಿಕೊಂಡು ಹೊರಡುವ ಆಟೋಗಳ ಟೈರುಗಳನ್ನೇ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಆಟೋದವರಿಗೆ ನನ್ನ ಈ ಚಾಳಿ ಗೊತ್ತು, ಕೆಲವರಿಗೆ ಬೇಸರವೂ ಇದೆ.

ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ 1960ರಿಂದಲೂ ಕಾರುಗಳಿಗೆ ಎಂಒಟಿ ಎಂಬ ತಪಾಸಣೆ ಇದೆ, ಮಾಡುವುದು ಬಹುಮಟ್ಟಿಗೆ ಖಾಸಗಿ ಗ್ಯಾರೇಜುಗಳೇ. ಫೋನಿನಲ್ಲಿ ನಾನು ಲಾರಿಯ ಕಥೆ ಹೇಳಿದಾಗ ಅವನು ನಕ್ಕು, "ಇಲ್ಲಿ ಉಲ್ಟಾ ಭಯ ಮಾಮ" ಅಂದ. ತಪಾಸಣೆ ಮಾಡುವ ಗ್ಯಾರೇಜೇ ರಿಪೇರಿಯನ್ನೂ ಮಾಡುವುದರಿಂದ, ಇಲ್ಲದ ದೋಷ ಹೇಳಿ ಬಿಲ್ಲು ಹಚ್ಚುತ್ತಾರೇನೋ ಎಂದು ಜನಕ್ಕೆ ಅನುಮಾನವಂತೆ. ನಮ್ಮಲ್ಲಿ ಇರುವ ದೋಷವನ್ನು ಮುಚ್ಚುತ್ತಾರೆ, ಅಲ್ಲಿ ಇಲ್ಲದ್ದನ್ನು ಹುಟ್ಟಿಸುತ್ತಾರೆಂಬ ಅಂಜಿಕೆ. ಎರಡೂ ಬೇವಿನ ಒಂದೇ ಬೇರಿನಿಂದ ಬಂದದ್ದು. ಯುನೈಟೆಡ್ ಕಿಂಗ್‌ಡಮ್ಮಿಗೇ ಸೇರಿದ ಉತ್ತರ ಐರ್ಲೆಂಡಿನಲ್ಲಿ ಮಾತ್ರ ಗ್ಯಾರೇಜುಗಳಿಗೆ ಆ ಕೆಲಸವಿಲ್ಲ, ಸರ್ಕಾರಿ ಕೇಂದ್ರಗಳಲ್ಲೇ ಪರೀಕ್ಷೆ. 2020ರ ಜನವರಿಯಲ್ಲಿ ಆ ಕೇಂದ್ರಗಳ ಲಿಫ್ಟುಗಳಲ್ಲೇ ಬಿರುಕು ಕಂಡವು. ಅವರು ಅದನ್ನು ಮುಚ್ಚಿಡದೆ ಕಾರುಗಳ ಪರೀಕ್ಷೆಯನ್ನೇ ನಿಲ್ಲಿಸಿದರು. ಬೇರೆಯವರ ಗಾಡಿ ಅಳೆಯುವವರು ತಮ್ಮ ಲಿಫ್ಟಿನ ಬಿರುಕನ್ನು ಊರಿಗೆಲ್ಲ ಹೇಳಿದ ಆ ಸುದ್ದಿ ನನಗೆ ಬಹಳ ಹಿಡಿಸಿತು.

ನಾನು ಓದಿದ ಎರಡು ಅಧ್ಯಯನಗಳ ಮಾತನ್ನೂ ಇಲ್ಲಿ ಸೇರಿಸುತ್ತೇನೆ, ಎರಡೂ 2013ರಲ್ಲಿ ಪ್ರಕಟವಾದವು. ಒಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹೊಗೆ ತಪಾಸಣೆ ಮಾಡುವ ಗ್ಯಾರೇಜುಗಳದ್ದು. ಅಕ್ಕಪಕ್ಕ ಪೈಪೋಟಿ ಹೆಚ್ಚಿದಷ್ಟೂ ಪಾಸು ಮಾಡುವ ಕೈ ಸಡಿಲವಾಗುತ್ತದೆ ಎಂದು ಕಂಡುಕೊಂಡರು. ಬಳ್ಳಾರೀಲಿ ಇನ್ನೊಬ್ಬ ಆಗ್ತೈತೆ ಅಂತಾನೆ ಎಂದ ಮೇಸ್ತ್ರಿಯ ಮಾತೇ ಅದು. ಇನ್ನೊಂದು ನಮ್ಮ ಗುಜರಾತಿನದು, ಕಾರ್ಖಾನೆಗಳ ಮಾಲಿನ್ಯ ಅಳೆಯುವ ಪರೀಕ್ಷಕರ ಮೇಲೆ ನಡೆದದ್ದು. ಮೊದಲು ಕಾರ್ಖಾನೆಯೇ ತನ್ನ ಪರೀಕ್ಷಕನನ್ನು ಆರಿಸಿ ಸಂಬಳ ಕೊಡುತ್ತಿತ್ತು. ಪರೀಕ್ಷಕರನ್ನು ಚೀಟಿ ಎತ್ತಿದಂತೆ ಹಂಚಿ, ಅವರ ಹಣವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಕೆಲವು ವರದಿಗಳನ್ನು ಮತ್ತೆ ಹೋಗಿ ತಾಳೆ ನೋಡಿದಾಗ ಅದೇ ಜನ ನಿಜ ಬರೆದರು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಅದೇ ಜನ ಎಂಬುದು ನನ್ನ ಮನಸ್ಸಿನಲ್ಲಿ ನಿಂತಿದೆ.

ನನ್ನ ಬೈಕಿಗೆ ಹೊಗೆ ತಪಾಸಣೆ ಮಾಡಿಸಲು ಹೋದದ್ದು ಇತ್ತೀಚಿನ ಮಾತು. ಒಂದು ಪೆಟ್ರೋಲ್ ಬಂಕಿನ ಮೂಲೆಯ ಡಬ್ಬಿ ಅಂಗಡಿ. ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದ, ಕಂಪ್ಯೂಟರು ಒತ್ತಿದ, 'ಆಯ್ತು ಸಾರ್' ಅಂದ. ಸೈಲೆನ್ಸರಿಗೆ ಹಾಕಬೇಕಾದ ನಳಿಕೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. "ಅದನ್ನ ಹಾಕಿ ನೋಡಪ್ಪ" ಅಂದೆ. ಅವನು ನನ್ನ ಮುಖ ನೋಡಿ, "ಫೇಲ್ ಆದ್ರೆ ನಿಮಗೇ ತೊಂದ್ರೆ ಅಲ್ವಾ ಸಾರ್?" ಅಂತ ನಿಜವಾದ ಕಾಳಜಿಯಿಂದ ಕೇಳಿದ. ಅವನ ಮಟ್ಟಿಗೆ ಅದು ಗಿರಾಕಿಗೆ ಮಾಡುವ ಉಪಕಾರ. 1996ರ ರಾತ್ರಿ ಕಾಟನ್ ವೇಸ್ಟ್ ಹಿಡಿದು ಬಗ್ಗಿದ ಹುಡುಗನೂ ಹೀಗೇ ಅಂದುಕೊಂಡಿದ್ದ. ಹಾಕಿಯೇ ನೋಡು ಎಂದು ಹಟ ಹಿಡಿದೆ. ಹಾಕಿದ. ಪಾಸಾಯಿತು. ಫೇಲಾಗಿದ್ದರೆ ಇನ್ನೂ ಸಂತೋಷವಾಗುತ್ತಿತ್ತೇನೋ.

ಈಗ ಕಾಯ್ದೆ ಬದಲಾಗಿದೆ. 2019ರ ತಿದ್ದುಪಡಿಯಲ್ಲಿ 56ನೇ ಕಲಮಿನಿಂದ ಆ ಗ್ಯಾರೇಜಿನ ಮಾತು ಹೋಗಿ ಸ್ವಯಂಚಾಲಿತ ಕೇಂದ್ರಗಳು ಬಂದಿವೆ. 2021ರ ಸೆಪ್ಟೆಂಬರಿನಲ್ಲಿ ಹೊರಟ ನಿಯಮಗಳಲ್ಲಿ ಒಂದು ಸಾಲನ್ನು ಓದಿ ನಾನು ಪೆನ್ಸಿಲಿನಿಂದ ಅಡಿಗೆರೆ ಎಳೆದೆ. ತಪಾಸಣಾ ಕೇಂದ್ರ ತಪಾಸಣೆಯನ್ನಷ್ಟೇ ಮಾಡಬೇಕು, ಗಾಡಿ ರಿಪೇರಿ, ಗಾಡಿ ತಯಾರಿಕೆ, ಮಾರಾಟ, ಬಿಡಿಭಾಗದ ವ್ಯಾಪಾರ ಯಾವುದನ್ನೂ ಮಾಡಕೂಡದು. ಉಂಡ ಮನೆಯ ಋಣ ಕಟ್ಟಿಕೊಳ್ಳಬೇಡ ಎಂದು ಸರ್ಕಾರ ಕೊನೆಗೂ ಬರೆಯಿತು. ದೊಡ್ಡ ಗಾಡಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ ಎಂದಿದ್ದದ್ದು 2024ರ ಅಕ್ಟೋಬರ್ 1ಕ್ಕೆ ಹೋಯಿತು. ಕೇಂದ್ರಗಳು ಇನ್ನೂ ಎಲ್ಲ ಕಡೆ ಸಾಲದು.

ಅಂಥ ಒಂದು ಕೇಂದ್ರದಲ್ಲಿ ಅರ್ಧ ದಿನ ನಿಂತು ನೋಡಿದ್ದೇನೆ. ಗಾಡಿಯ ಗಾಲಿಗಳು ನೆಲದ ಉರುಳೆಗಳ ಮೇಲೆ ಕೂರುತ್ತವೆ, ಉರುಳೆ ತಿರುಗುತ್ತದೆ, ಡ್ರೈವರು ಬ್ರೇಕ್ ತುಳಿಯುತ್ತಾನೆ. ಎಡಗಾಲಿ ಎಷ್ಟು ಹಿಡಿಯಿತು, ಬಲಗಾಲಿ ಎಷ್ಟು ಹಿಡಿಯಿತು ಎಂದು ಅಂಕಿ ಬೇರೆಬೇರೆಯಾಗಿ ಪರದೆಗೆ ಬರುತ್ತದೆ. ಒಂದು ಲಾರಿಯ ಹಿಂದಿನ ಎಡಗಾಲಿಯ ಅಂಕಿ ಬಲಗಾಲಿಯದಕ್ಕಿಂತ ಬಹಳ ಕೆಳಗಿತ್ತು. ಡ್ರೈವರು ಇಳಿದು ಬಂದು ಪರದೆ ನೋಡಿ ತಲೆ ಕೆರೆದುಕೊಂಡ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ನೆರಳಿನಲ್ಲಿ ಕೂತೆ. ಯಂತ್ರವೂ ಬಾಡಿಗೆ ಟೈರನ್ನು ಬಾಡಿಗೆಯದೆಂದು ಗುರುತಿಸಲಾರದು. ಈ ಕೇಂದ್ರ ಕಟ್ಟುನಿಟ್ಟು, ಆ ಕೇಂದ್ರ ಸಡಿಲ ಎಂದು ಮಾಲೀಕರು ಆರಿಸಿಕೊಂಡು ಹೋಗತೊಡಗಿದರೆ ಯಂತ್ರದ ಹಿಂದಿನ ಮನುಷ್ಯನಿಗೆ ಮತ್ತೆ ಅದೇ ಒಲೆಯ ಚಿಂತೆ. ಎಲ್ಲಿಗೆ ಹೋಗಬೇಕೆಂಬುದನ್ನು ಗಾಡಿಯವನು ಆರಿಸಬಾರದು, ಗುಜರಾತಿನಂತೆ ಚೀಟಿ ಎತ್ತಬೇಕು. ದಾರಿಯಲ್ಲಿ, ಲೋಡು ಹೊತ್ತ ಗಾಡಿಯನ್ನು, ಹೇಳದೆ ಕೇಳದೆ ನಿಲ್ಲಿಸಿ ನೋಡಬೇಕು. ಇದನ್ನು ಎರಡು ಸಲ ಅರ್ಜಿ ಬರೆದು ಕಳಿಸಿದ್ದೇನೆ, ಮೂರನೆಯದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಮೇಸ್ತ್ರಿಯನ್ನು ನೋಡಲು ಹೋದೆ. ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ. ಬೇವಿನ ಮರ ಇದೆ, ಚಪ್ಪರವಿಲ್ಲ, ಗುಂಡಿಗಳನ್ನು ಮುಚ್ಚಿಸಿದ್ದಾರೆ. ಚಹಾ ಕುಡಿಯುತ್ತಾ, ಮೂವತ್ತು ವರ್ಷ ಹತ್ತಿರವಾಯಿತು, ಹೇಳಿಬಿಡೋಣ ಎಂದು ಬಾಯಿಬಿಟ್ಟೆ. "ಆವತ್ತು ರಾತ್ರಿ ಆ ಗುರುತು ಒರೆಸಿದ್ದು ನಾನು ಮೇಸ್ತ್ರಿ. ನೀರಿಗೆ ಹೋಗಿದ್ದಲ್ಲ. ನಾನೇ ಒರೆಸಿದೆ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೊತ್ತು" ಅಂದರು. "ಎಫ್‌ಸಿ ಗಾಡಿಗೆ ಗುರುತು ಒರೆಸೋದು ಇದ್ದದ್ದೇ ಅಲ್ವೇನಪ್ಪ. ನೀನು ಒರೆಸ್ದಿದ್ರೆ ಬೆಳಿಗ್ಗೆ ನಾನು ಒರೆಸ್ತಿದ್ದೆ. ವಾಪಸ್ ಬಂದ ಮೇಲೆ ಮತ್ತೆ ಬರೀಬೇಕಿತ್ತು. ಅದು ನನ್ನ ಕೆಲಸ. ಟೈರಿನೋನು ಅವಸರ ಮಾಡ್ತಿದ್ದ, ಕತ್ಲಾಗಿತ್ತು..." ಅಲ್ಲಿಗೇ ನಿಲ್ಲಿಸಿ ಲೋಟ ಕೆಳಗಿಟ್ಟರು. ಆ ಹುಡುಗನ ಅಂಗಡಿಯಲ್ಲಿ ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ಚಹಾ ಕುಡಿದಿಲ್ಲ ಎಂದು ಅವರ ಸೊಸೆ ಆಮೇಲೆ ಹೇಳಿದಳು.

ಕಣ್ಣು ತೋರಿಸಲು ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆಂದು ಬೈಕ್ ತಂದಿದ್ದೆ. ವಾರದ ಹಿಂದೆ ತಾನೆ ಸರ್ವಿಸ್ ಆಗಿತ್ತು, ಎಲ್ಲ ಸರಿ ಎಂದು ಟಿಕ್ಕು ಹಾಕಿದ ಹಾಳೆ ಸೀಟಿನ ಕೆಳಗಿತ್ತು. ಹತ್ತುವ ಮುಂಚೆ ಮೇಸ್ತ್ರಿ ಗೋಡೆ ಹಿಡಿದು ಬಗ್ಗಿದರು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಹಿಂದಿನ ಬ್ರೇಕಿನ ಪೆಡಲನ್ನು ಕೈಯಿಂದಲೇ ಎರಡು ಸಲ ತಳ್ಳಿ, ಮೂರನೆಯ ಸಲ ತಳ್ಳಿ ಹಿಡಿದುಕೊಂಡು ಕಿವಿಗೊಟ್ಟರು.

"ಇದು ಬಿಡ್ತಾ ಐತೆ ಕಣೋ. ಮೊದ್ಲು ಇದನ್ನ ತೋರ್ಸು. ಈಗ ಮುಂದಿನ ಬ್ರೇಕಿನಾಗೆ ನಿಧಾನಕ್ಕೆ ನಡಿ" ಅಂದು ನನ್ನ ಹೆಗಲು ಹಿಡಿದು ಹತ್ತಿ ಕೂತರು.

ಬಳ್ಳಾರಿ ತಲುಪಲು ಆವತ್ತು ಒಂದು ಗಂಟೆ ಹಿಡಿಯಿತು.